ಮುಂದೆ ಬಿಟ್ಟ ಜಾಗ

ನನ್ನ ಚಿಕ್ಕಪ್ಪ ಒಬ್ಬ ಕೂಲಿಯವನ ಹೆಗಲ ಮೂಳೆ ಮುರಿದದ್ದನ್ನು ನಾನು ಕಣ್ಣಾರೆ ಕಂಡವಳು. ಹಾರೆಯನ್ನು ತಿರುಗಿಸಿ ಹಿಡಿದು ಹೊಡೆದ. ಒಣಗಿದ ತೊಗರಿಕಡ್ಡಿಯನ್ನು ಮೊಣಕಾಲಿಗೆ ಕೊಟ್ಟು ಮುರಿದಂತೆ ಸದ್ದಾಯಿತು. ಪಾಯದ ಗುಂಡಿಯೊಳಗೆ ಬಗ್ಗಿ ನಿಂತಿದ್ದ ಆ ಮನುಷ್ಯ ಮೊದಲು ಕೂಗಲಿಲ್ಲ. ಯಾರು ಹೊಡೆದರೆಂದು ತಿರುಗಿ ನೋಡಿದ, ಆಮೇಲೆ ಕೂಗಿದ. ಅವನಿಗೂ ನಮಗೂ ಯಾವ ಜಗಳವೂ ಇರಲಿಲ್ಲ. ಅವನು ಅಗೆಯುತ್ತಿದ್ದ ಕಡೆ ನನ್ನ ಅಮ್ಮನನ್ನು ಹೂಳಿದ್ದೇವೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಜಯನಗರ ಮುಗಿದು ಸಾರಕ್ಕಿಯ ಹೊಲಗಳು ಶುರುವಾಗುತ್ತಿದ್ದ ಕಡೆ ಇದು ನಡೆದದ್ದು. ಈಗ ಅಲ್ಲಿ ಬೆಳಗಿನ ಹೊತ್ತು ಬಿಳಿ ಬೂಟು ಹಾಕಿಕೊಂಡು ನಡೆಯುವವರು ತಲೆಯೆತ್ತಿ ಮರಗಳನ್ನು ನೋಡಿ, "ಆ ಕಾಲದವರು ಎಷ್ಟು ಯೋಚನೆ ಮಾಡಿ ಬಡಾವಣೆ ಕಟ್ಟಿದಾರೆ ನೋಡಿ! ಪ್ರತಿ ಮನೆ ಮುಂದೆ ಜಾಗ, ಪ್ರತಿ ಮನೆ ಮುಂದೆ ಮರ" ಅನ್ನುತ್ತಾರೆ. ಯೋಚನೆ ಮಾಡಿದ್ದರು, ಸುಳ್ಳಲ್ಲ. ಮನೆಯ ಮುಂದೆ ಎಷ್ಟು ಅಡಿ ಬಯಲು ಬಿಡಬೇಕು, ಪಕ್ಕದಲ್ಲಿ ಎಷ್ಟು, ಎಷ್ಟು ಬೀದಿಗೆ ಒಂದು ಪಾರ್ಕು, ಚರಂಡಿ ಯಾವ ಕಡೆ ಇಳಿಯಬೇಕು, ಎಲ್ಲವನ್ನೂ ನೀಲಿ ಕಾಗದದ ಮೇಲೆ ಗೆರೆ ಎಳೆದು ಬರೆದಿದ್ದರು. ಆ ಕಾಗದದಲ್ಲಿ ಇಲ್ಲದೆ ಹೋದದ್ದು ನನ್ನ ಅಮ್ಮ ಒಬ್ಬಳೇ. ಅದಕ್ಕೆ ಕಾರಣ ಸರ್ಕಾರವಲ್ಲ, ನಮ್ಮ ಅಜ್ಜಿ. ಆ ಹೊಗಳಿಕೆ ಕೇಳಿದಾಗೆಲ್ಲ ನನಗೆ ಮೈ ಉರಿಯುವುದು ಯಾರ ಮೇಲೆ ಎಂದು ನನಗೇ ಸರಿಯಾಗಿ ಗೊತ್ತಿಲ್ಲ.

ನಮ್ಮವರು ಸತ್ತವರನ್ನು ಸುಡುವುದಿಲ್ಲ, ಹೂಳುತ್ತಾರೆ. ಊರ ಸ್ಮಶಾನವೆಂದು ಬೇರೆ ಇದ್ದರೂ ಹೊಲ ಇದ್ದವರು ಅಲ್ಲಿಗೆ ಹೋಗುತ್ತಿರಲಿಲ್ಲ. ಸ್ವಂತ ಹೊಲದ ಒಂದು ಮೂಲೆಯಲ್ಲಿ ಹೂತು, ತಲೆಯ ಕಡೆ ಒಂದು, ಕಾಲಿನ ಕಡೆ ಒಂದು ಕಲ್ಲು ನಿಲ್ಲಿಸುತ್ತಿದ್ದರು. ಪಿತೃಪಕ್ಷದಲ್ಲಿ ಅಲ್ಲಿಗೇ ಎಡೆ ಒಯ್ದು ಇಡುವುದು. ಅಮ್ಮ ವಿಷಮಶೀತ ಜ್ವರದಲ್ಲಿ ಹೋದಾಗ ನಾನು ಇನ್ನೂ ಲಂಗ ಎಳೆದುಕೊಂಡು ಓಡಾಡುವ ಹುಡುಗಿ. ಗುಂಡಿ ತೋಡಿದವನು ಚಿಕ್ಕಪ್ಪ. ಬೇರೆ ಯಾರಿಗೂ ಗುದ್ದಲಿ ಮುಟ್ಟಲು ಬಿಡಲಿಲ್ಲವಂತೆ. ಅವನಿಗೆ ಮೀಸೆ ಮೂಡುವ ಮೊದಲೇ ಅಮ್ಮ ಈ ಮನೆಗೆ ಸೊಸೆಯಾಗಿ ಬಂದವಳು. ಅವನ ಸಿಟ್ಟಿಗೆ ಊರೇ ಹೆದರುತ್ತಿದ್ದರೆ ಅವನು ಹೆದರುತ್ತಿದ್ದದ್ದು ಅತ್ತಿಗೆಗೆ ಮಾತ್ರ. ಹೂತ ಜಾಗದ ತಲೆಯ ಹತ್ತಿರ ಒಂದು ಹೊಂಗೆ ಮರ ಇತ್ತು. ಅದರ ಕೆಳಗೆ ಕೂತು ನಾನು ಕಲ್ಲಿನ ಜೊತೆ ಮಾತಾಡುತ್ತಿದ್ದೆ. ಶಾಲೆಯಲ್ಲಿ ಏನಾಯಿತು, ಅಜ್ಜಿ ಎಷ್ಟು ಬೈದಳು, ಎಲ್ಲ. ನನಗೆ ಅಮ್ಮ ಸತ್ತಿದ್ದಳು, ಆದರೆ ಕಳೆದುಹೋಗಿರಲಿಲ್ಲ. ಈ ಎರಡೂ ಬೇರೆ ಬೇರೆ ಎಂದು ಆಮೇಲೆ ತಿಳಿಯಿತು.

ಬಡಾವಣೆಗೆ ನಮ್ಮ ಹೊಲ ಹೋಗುತ್ತದೆಂದು ಸುದ್ದಿ ಬಂದದ್ದು ರಾಗಿ ಕುಯ್ಲಿನ ಹೊತ್ತಿಗೆ. ಅದರ ಹಿಂದೆಯೇ ಇನ್ನೊಂದು ಸುದ್ದಿ. ಸರ್ವೆಯವರು ಎಲ್ಲಿ ಸಮಾಧಿ ಕಲ್ಲು ಕಂಡರೂ ಅಗೆಸಿ, ಮೂಳೆಗಳನ್ನು ಗಾಡಿಯಲ್ಲಿ ತುಂಬಿ, ಪೇಟೆಯ ಸ್ಮಶಾನದಲ್ಲಿ ಒಂದೇ ಗುಂಡಿಗೆ ಸುರಿಯುತ್ತಾರಂತೆ ಎಂದು. ಯಾರು ಹುಟ್ಟಿಸಿದ ಮಾತೋ, ಅವನ ನಾಲಿಗೆ ಬಿದ್ದುಹೋಗಲಿ. ಅಜ್ಜಿ ನಂಬಿಬಿಟ್ಟಳು. ಸರಪಳಿ ಹಿಡಿದ ಸರ್ವೆಯವರು ಪಕ್ಕದ ಹೊಲಕ್ಕೆ ಬಂದಿದ್ದ ಬೆಳಿಗ್ಗೆ, ಗಂಡುಮಕ್ಕಳಿಬ್ಬರೂ ಮನೆಯಲ್ಲಿಲ್ಲದ ಹೊತ್ತು ನೋಡಿ, ಸೀರೆ ಎತ್ತಿ ಕಟ್ಟಿ ಹೊಲಕ್ಕೆ ಹೋದಳು. ನಾನು ಹಿಂದೆಯೇ ಓಡಿದೆ. ಸಲಾಕೆ ಹಾಕಿ ಮೀಟಿ ಎರಡೂ ಕಲ್ಲು ಕಿತ್ತಳು. ಉರುಳಿಸಿಕೊಂಡು ಹೋಗಿ ಬಾವಿಗೆ ನೂಕಿದಳು. ಆಮೇಲೆ ಆ ಜಾಗವನ್ನೆಲ್ಲ ಗುದ್ದಲಿಯಿಂದ ಕೆದಕಿ ಸಮ ಮಾಡಿ ಅವರೆಬೀಜ ಚೆಲ್ಲಿದಳು. ನಾನು ಅಳುತ್ತಾ ಅವಳ ಕೈ ಹಿಡಿದುಕೊಂಡರೆ ಮುಂಗೈ ತಿರುಗಿಸಿ ಬಾಯಿಗೇ ಒಂದು ಬಾರಿಸಿದಳು. ತುಟಿ ಒಡೆದು ರಕ್ತ ಬಂತು.

"ಬಾಯಿ ಮುಚ್ಚು. ನಿಮ್ಮವ್ವನ್ನ ಉಳಿಸ್ತಾ ಇವ್ನಿ" ಎಂದಳು.

ಸರ್ವೆಯವರು ಬಂದರು, ಹೊಲ ನೋಡಿದರು, ಸರಪಳಿ ಎಳೆದರು, ಹೋದರು. ಅಜ್ಜಿ ಅವರಿಗೆ ಮಜ್ಜಿಗೆ ಕೊಟ್ಟಳು.

ಮುಂದಿನ ವರ್ಷ ಗುತ್ತಿಗೆದಾರನ ಜನ ಬಂದರು. ನಮ್ಮ ಹೊಲ ದಿಬ್ಬದ ಮೇಲಿತ್ತು. ದಿಬ್ಬದ ಮೇಲಿನ ಮಣ್ಣು ಕೆತ್ತಿ ಕೆರೆಯ ಕಡೆಯ ತಗ್ಗಿಗೆ ಸುರಿದು ನೆಲ ಮಟ್ಟ ಮಾಡಬೇಕೆಂದು ಹುಕುಂ. ಹೊಂಗೆ ಮರ ಕಡಿದರು. ಬದುಗಳನ್ನು ಒಡೆದರು. ಬಾವಿ ಮುಚ್ಚಿದರು. ಕಡಿಯಲು ಬಂದವರ ಮೇಲೆ ಚಿಕ್ಕಪ್ಪ ಕಲ್ಲು ತೂರಿದ. ಅವರು ಅವನನ್ನು ಹಿಡಿದು ಅದೇ ಹೊಂಗೆಯ ಕೊಂಬೆಗಳಿಂದ ಬೆನ್ನು ಸುಲಿಯುವ ಹಾಗೆ ಹೊಡೆದು ಕಳಿಸಿದರು. ಅಜ್ಜಿ ಗಾಯಕ್ಕೆ ಅರಿಶಿನ ಎಣ್ಣೆ ಹಚ್ಚುತ್ತಾ, "ಮರ ಹೋದ್ರೆ ಹೋಗ್ಲಿ ಬುಡು, ಅವಳು ಸುಖವಾಗವಳೆ" ಎಂದಳು. ಅಷ್ಟು ಧೈರ್ಯ ಅವಳಿಗೆ.

ಆ ಧೈರ್ಯ ಇಳಿದದ್ದು ನಮ್ಮ ಬೀದಿಯ ಇನ್ನೊಂದು ಮನೆಯವರಿಂದ. ಅವರ ಹೊಲದಲ್ಲಿ ಹಿರಿಯರ ಕಲ್ಲುಗಳು ಹಾಗೆಯೇ ಇದ್ದವು, ಅವರು ಬಚ್ಚಿಡಲು ಹೋಗಿರಲಿಲ್ಲ. ಸರ್ವೆಯವರು ಅದನ್ನು ನೋಡಿ ನಕಾಶೆಯಲ್ಲಿ ಗುರುತು ಮಾಡಿಕೊಂಡು, ಆ ಜಾಗವನ್ನು ಸೈಟು ಮಾಡದೆ ಪಾರ್ಕಿನ ಒಂದು ಮೂಲೆಗೆ ಸೇರಿಸಿ, ಸುತ್ತ ತಂತಿಬೇಲಿ ಹಾಕಿಸಿಕೊಟ್ಟಿದ್ದರು. ಹೇಗೂ ಬಡಾವಣೆಯಲ್ಲಿ ಇಷ್ಟು ಭಾಗ ಬಯಲು ಬಿಡಲೇಬೇಕಿತ್ತು, ಅದು ಅಲ್ಲೇ ಇರಲಿ ಅಂದರಂತೆ. ಮೂಳೆ ಅಗೆಸುವ ಮಾತು ಶುದ್ಧ ಸುಳ್ಳು.

ಅಪ್ಪ ಮಾತು ಕಡಿಮೆಯ ಮನುಷ್ಯ. ಈ ಸುದ್ದಿ ಕೇಳಿ ಮನೆಗೆ ಬಂದವನೇ ನೀರು ತುಂಬಿದ ಹಂಡೆಯನ್ನು ಒದ್ದ. ಮಡಕೆಗಳನ್ನು ಒಂದೊಂದಾಗಿ ಎತ್ತಿ ಗೋಡೆಗೆ ಅಪ್ಪಳಿಸಿದ. ಅಜ್ಜಿ ಮೂಲೆಯಲ್ಲಿ ನಿಂತು ನೋಡುತ್ತಿದ್ದಳು. "ಹೊಡಿ, ನನಗೇ ಹೊಡಿ" ಎಂದಳು. ಅಪ್ಪ ಕೈ ಎತ್ತಿಯೇಬಿಟ್ಟ. ನಡುವೆ ಬಂದ ಚಿಕ್ಕಪ್ಪನ ಕೆನ್ನೆಗೆ ಆ ಏಟು ಬಿತ್ತು. ಅಣ್ಣತಮ್ಮಂದಿರು ಹಟ್ಟಿಯಲ್ಲಿ ಹೊರಳಾಡಿ ಹೊಡೆದಾಡಿದರು. ಕರು ಬೆದರಿ ಹಗ್ಗ ಕಿತ್ತುಕೊಂಡು ಓಡಿತು. ಕೊನೆಗೆ ಚಿಕ್ಕಪ್ಪ ಏದುಸಿರು ಬಿಡುತ್ತಾ, "ಗುಂಡಿ ತೋಡಿದೋನು ನಾನು. ಕಲ್ಲು ಇಲ್ದಿದ್ರೂ ನನಗೆ ಜಾಗ ಗೊತ್ತು. ಆಳುದ್ದ ಇಳಿಸಿದ್ದೆ, ಅವರು ಅಷ್ಟು ಕೆತ್ತಿಲ್ಲ" ಎಂದ.

ಮಾರನೆಯ ಬೆಳಿಗ್ಗೆ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿಯೂ ತೋರಿಸಿದ. ಹೊಲವೆಂಬುದು ಅಲ್ಲಿ ಇರಲೇ ಇಲ್ಲ. ಕೆಂಪು ಬಯಲು, ಸುಣ್ಣದ ಗೆರೆ, ಸೈಟಿನ ಕಲ್ಲುಗಳು. ಉಳಿದಿದ್ದ ಗುರುತೆಂದರೆ ಹೊಲದ ಪಕ್ಕದ ಬಂಡೆ ಒಂದೇ. ಚಿಕ್ಕಪ್ಪ ಬಂಡೆಯ ಅಂಚಿಗೆ ಬೆನ್ನು ಕೊಟ್ಟು ನಿಂತು, ಮೂಡಲಿಗೆ ಮುಖ ಮಾಡಿ ನಡೆದು, ಒಂದು ಕಡೆ ನಿಂತು ಹಿಮ್ಮಡಿಯಿಂದ ನೆಲ ಗುದ್ದಿದ. "ಇಲ್ಲೇ ಕಣವ್ವ" ಎಂದ. ಅವನ ದನಿಯಲ್ಲಿ ಒಂದು ಕೂದಲೆಳೆಯಷ್ಟೂ ಅನುಮಾನ ಇರಲಿಲ್ಲ. ನಾನು ಆ ನೆಲಕ್ಕೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡೆ. ಎಷ್ಟೋ ತಿಂಗಳ ಮೇಲೆ ಅವತ್ತು ನನಗೆ ನಿದ್ದೆ ಬಂತು.

ಆ ಸೈಟು ದಾವಣಗೆರೆ ಕಡೆಯ ಒಬ್ಬ ಜವಳಿ ವ್ಯಾಪಾರಿಗೆ ಸಿಕ್ಕಿತು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮಾತು ಜೋರು. ನಾವು ಅವರನ್ನು ಸಾಹುಕಾರರು ಅನ್ನುತ್ತಿದ್ದೆವು. ಸೈಟು ಕೊಟ್ಟ ಆಫೀಸಿನವರ ನಿಯಮಗಳು ಅವರಿಗೂ ಇದ್ದವು. ಮುಂದೆ ಇಷ್ಟು ಅಡಿ ಬಯಲು ಬಿಡಬೇಕು, ಆ ಬಯಲಲ್ಲಿ ಏನೂ ಕಟ್ಟಕೂಡದು, ಹೂದೋಟ ಮಾಡಬೇಕು, ಬೀದಿಗೆ ನೆರಳಾಗುವಂಥ ಎರಡು ಮರ ಬೆಳೆಸಬೇಕು. ಮನೆ ಮುಗಿದ ಮೇಲೆ ಇನ್‌ಸ್ಪೆಕ್ಟರು ಬಂದು ನೋಡಿ ಸರಿ ಅಂದರೇ ಸರ್ಟಿಫಿಕೇಟು. ಸಾಹುಕಾರರು ವ್ಯಾಪಾರಿ. ಮುಂದಿನ ಬಯಲಿನ ಮೇಲೆ ಸ್ವಲ್ಪ ಕಾಲು ಚಾಚಿ ಒಂದು ಕೋಣೆ ಎಳೆದುಬಿಟ್ಟರೆ ಯಾರು ಅಳೆಯುತ್ತಾರೆ ಎಂದುಕೊಂಡು ಅಲ್ಲಿಗೂ ಪಾಯ ತೋಡಲು ಹೇಳಿದ್ದರು. ಚಿಕ್ಕಪ್ಪ ಹಿಮ್ಮಡಿಯಿಂದ ಗುದ್ದಿ ತೋರಿಸಿದ ಜಾಗ ಸರಿಯಾಗಿ ಅದೇ.

ಆ ಹೊತ್ತಿಗೆ ನಾವು ಹಸು ಕಟ್ಟಿಕೊಂಡು ಹೊಸ ಬಡಾವಣೆಯ ಮನೆಗಳಿಗೇ ಹಾಲು ಹಾಕಿ ಬದುಕುತ್ತಿದ್ದೆವು. ನಾನೂ ಚಿಕ್ಕಪ್ಪನೂ ಖಾಲಿ ಕ್ಯಾನು ಹಿಡಿದು ವಾಪಸು ಬರುತ್ತಿದ್ದಾಗ ಪಾಯದ ಕೆಲಸ ಶುರುವಾದದ್ದು ಕಣ್ಣಿಗೆ ಬಿತ್ತು. ಚಿಕ್ಕಪ್ಪ ಕ್ಯಾನು ಕೆಳಗಿಟ್ಟ. "ಏಯ್, ನಿಲ್ಸೋ" ಎಂದು ಒಮ್ಮೆ ಕೂಗಿದ. ತಮಿಳುನಾಡಿನ ಕಡೆಯಿಂದ ಬಂದಿದ್ದ ಕೂಲಿಯವನಿಗೆ ಅದು ತನಗೆ ಹೇಳಿದ್ದೆಂದು ಗೊತ್ತಾಗಲಿಲ್ಲ. ಇನ್ನೊಂದು ಏಟು ನೆಲಕ್ಕೆ ಹಾಕಿದ. ಆಮೇಲೆ ನಡೆದದ್ದನ್ನು ಮೊದಲೇ ಹೇಳಿದೆ.

ಮೂಳೆ ಮುರಿದ ಸದ್ದಿಗೆ ಉಳಿದ ಕೂಲಿಗಳೆಲ್ಲ ಒಟ್ಟಾದರು. ಗುದ್ದಲಿಯ ಕಾವು, ಮಂಕರಿ, ಸೈಜುಗಲ್ಲು, ಕೈಗೆ ಸಿಕ್ಕಿದ್ದರಲ್ಲಿ ಚಿಕ್ಕಪ್ಪನಿಗೆ ಬಡಿದರು. ಅವನು ಬೀಳಲಿಲ್ಲ. ಬಾಯಿಂದ ರಕ್ತದ ಜೊತೆ ಹಲ್ಲು ಉಗಿದು, ಗುಂಡಿಯೊಳಗೆ ಇಳಿದು ಅಡ್ಡ ಮಲಗಿಕೊಂಡ. "ನನ್ನ ಮೇಲೆ ಅಗೀರಿ, ಬಡ್ಡಿಮಕ್ಕಳಾ" ಎಂದು ಕೂಗುತ್ತಿದ್ದ. ಅವರು ಅವನ ಮೇಲೆ ಮಣ್ಣು ನೂಕಿದರು, ಒದ್ದರು. ಒಬ್ಬ ಅವನ ಬಲಗೈ ಬೆರಳುಗಳ ಮೇಲೆ ಕಲ್ಲು ಎತ್ತಿಹಾಕಿದ. ನಾನು ಕಿರುಚುತ್ತಾ ಹಾಲಿನ ಕ್ಯಾನಿನಿಂದ ಒಬ್ಬನ ಕಾಲಿಗೆ ಹೊಡೆದೆ. ಅವನು ನನ್ನನ್ನು ಎತ್ತಿ ಮರಳಿನ ರಾಶಿಗೆ ಎಸೆದ.

ಸಾಹುಕಾರರ ಹೆಂಡತಿ ಅಲ್ಲೇ ಶೆಡ್ಡಿನಲ್ಲಿದ್ದರು. ಎತ್ತರದ ಹೆಂಗಸು, ಯಾರನ್ನೂ ಗದರಿಸದೆಯೇ ಸುಮ್ಮನಾಗಿಸುವಂಥ ಮುಖ. ನೇರ ನನ್ನ ಹತ್ತಿರ ಬಂದು ಬಾಯೊಳಗಿನ ಮರಳು ಒರೆಸಿದರು.

"ಯಾಕವ್ವ, ಯಾರು ಅದಾರೆ ಈ ಗುಂಡಿಯಾಗೆ?"

"ನಮ್ಮಮ್ಮ" ಎಂದೆ.

ಅವರು ಗುಂಡಿಯ ಅಂಚಿಗೆ ಹೋಗಿ ನಿಂತರು. ಕೂಲಿಗಳ ಮುಂದೆ ಕೈ ಅಡ್ಡ ಹಿಡಿದರು. ಗಂಡ ಪೊಲೀಸು, ಕೋರ್ಟು ಎಂದು ಹಾರಾಡುತ್ತಿದ್ದರೆ ಈಕೆ ಅವರ ಕಡೆ ತಿರುಗದೆಯೇ, "ನಮ್ಮ ಮಂದೀನೂ ಹೂಳೋರೇ. ನಿಮ್ಮ ತಾಯಿ ಮ್ಯಾಲೆ ಯಾರಾದ್ರೂ ಕೋಣೆ ಕಟ್ಟಿದ್ರೆ ಸುಮ್ಕಿರ್ತಿದ್ರಾ? ಮುಂದೆ ಬಯಲು ಬಿಡಬೇಕು ಅಂತ ಕಾನೂನೇ ಐತಲ್ಲ. ಬಿಡ್ರಿ" ಎಂದರು. ಸಾಹುಕಾರರು ಗೊಣಗಿದರು, ಬೈದರು, ಆದರೆ ಕೋಣೆ ಕೈಬಿಟ್ಟರು. ಪಾಯ ಹಿಂದಕ್ಕೆ ಸರಿಯಿತು. ತೋಡಿದ್ದ ಗುಂಡಿಯನ್ನು ಮುಚ್ಚಿದರು.

ಆದರೂ ಪೊಲೀಸರು ಬಂದು ಚಿಕ್ಕಪ್ಪನನ್ನು ಎಳೆದುಕೊಂಡು ಹೋದರು. ಹೋಗಬೇಕಾದ್ದೇ. ಆ ಕೂಲಿಯವನ ತೋಳು ಮತ್ತೆ ಹೆಗಲಿಗಿಂತ ಮೇಲೆ ಏಳಲಿಲ್ಲ. ಗುದ್ದಲಿ ಹಿಡಿದು ಬದುಕುವವನಿಗೆ ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೇನಿದೆ? ಪಾರ್ಕಿನ ಗಿಡಗಳಿಗೆ ನೀರು ಹೊಯ್ಯುವ ಕೆಲಸ ಕೊಟ್ಟು ಯಾರೋ ಅವನನ್ನು ಉಳಿಸಿದರು. ದಿನಾ ಎಡಗೈಯಲ್ಲಿ ಡಬ್ಬ ಹಿಡಿದು, ಬಲಗೈ ತೂಗಾಡಿಸುತ್ತಾ ಓಡಾಡುತ್ತಿದ್ದ. ನಾನು ಆ ಬೀದಿಯಲ್ಲಿ ಹಾಲು ಹಾಕುವಾಗ ಅವನ ಕಡೆ ನೋಡುತ್ತಿರಲಿಲ್ಲ. ಅವನೂ ನೋಡುತ್ತಿರಲಿಲ್ಲ. ಆದರೆ ಒಳಗೊಳಗೇ ನಾನು ಲೆಕ್ಕ ಸರಿಹೋಯಿತೆಂದುಕೊಂಡಿದ್ದೆ. ನನ್ನ ಅಮ್ಮ ಉಳಿದಳಲ್ಲ, ಅಷ್ಟು ಸಾಕು ಅನ್ನುವ ಕಟುಕ ವಯಸ್ಸು.

ಚಿಕ್ಕಪ್ಪ ಜೈಲಿನಿಂದ ಬಂದಾಗ ಬಲಗೈಯ ಎರಡು ಬೆರಳು ಮಡಚಿಕೊಂಡೇ ಇದ್ದವು, ಸಿಟ್ಟು ಮಾತ್ರ ಮೊದಲಿನಷ್ಟೇ ನೆಟ್ಟಗಿತ್ತು. ಸಾಹುಕಾರರ ಮನೆ ಮುಗಿದಿತ್ತು. ಮನೆಯ ಮುಂದೆ ಬೋಳು ಕೆಂಪು ನೆಲ. ನಾವು ಅಮ್ಮನವರು ಅನ್ನುತ್ತಿದ್ದ ಅವರ ಹೆಂಡತಿ ಅಂಚಿನಲ್ಲಿ ಒಂದಷ್ಟು ಗುಲಾಬಿ, ಕನಕಾಂಬರ ಹಾಕಿ ನಡುವೆ ಹಾಗೆಯೇ ಬಿಟ್ಟಿದ್ದರು. ಮನೆಯವರು ಆ ಕಡೆ ಕಾಲಿಡುತ್ತಿರಲಿಲ್ಲ, ಗೋಡೆಯ ಪಕ್ಕದಿಂದ ಸುತ್ತಿ ಒಳಗೆ ಹೋಗುತ್ತಿದ್ದರು. ಪಿತೃಪಕ್ಷದಲ್ಲಿ ಅಜ್ಜಿ ಎಡೆ ತಂದರೆ ಗೇಟು ತೆಗೆದು ತಾವೂ ಕೈಮುಗಿದು ನಿಲ್ಲುತ್ತಿದ್ದರು. ಬೆಳಿಗ್ಗೆ ಹಾಲು ಅಳೆದುಕೊಟ್ಟ ಮೇಲೆ ಒಂದು ಗಳಿಗೆ ಅಲ್ಲಿ ಕೂರಲು ನನಗೆ ಅಪ್ಪಣೆ ಇತ್ತು. ನಾನು ಮತ್ತೆ ಮಾತಾಡತೊಡಗಿದ್ದೆ, ಮನಸ್ಸಿನಲ್ಲೇ. ಅಮ್ಮ ಸಿಕ್ಕಿದ್ದಳು.

ಬೀದಿಯವರಿಗೆ ಮಾತ್ರ ಚಿಕ್ಕಪ್ಪನೇ ಒಂದು ಪೀಡೆಯಾದ. ಒಮ್ಮೆ ತರಕಾರಿಯವನೊಬ್ಬ ಆ ನೆಲದ ಮೇಲೆ ಬುಟ್ಟಿ ಇಳಿಸಿದ. ಚಿಕ್ಕಪ್ಪ ಅವನ ಕೆನ್ನೆಗೆ ಬಿಟ್ಟ ಏಟಿಗೆ ಬದನೆಕಾಯಿಯೆಲ್ಲ ಚರಂಡಿ ಪಾಲಾಯಿತು. ಇನ್ನೊಮ್ಮೆ ಸಾಹುಕಾರರ ನೆಂಟರೊಬ್ಬರು ಜಗಲಿಯ ಮೇಲಿಂದಲೇ ಎಲೆಯಡಿಕೆ ಉಗಿದರು. ಚಿಕ್ಕಪ್ಪ ಗೇಟು ಹಾರಿ ಬಂದು ಆ ಮನುಷ್ಯನ ಕತ್ತು ಹಿಡಿದು ಬಗ್ಗಿಸಿ, ಉಗಿದದ್ದನ್ನು ಅವನ ಶಲ್ಯದಿಂದಲೇ ಒರೆಸಿಸಿದ. ಹಣೆ ನೆಲಕ್ಕೆ ತಾಗಿ ಚರ್ಮ ಕಿತ್ತುಬಂತು. ಸಾಹುಕಾರರು ಅವತ್ತು ಬಂದೂಕು ತರುತ್ತೇನೆಂದರು. ಅವರ ಹತ್ತಿರ ಬಂದೂಕು ಇರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು.

ನಾನು ದೊಡ್ಡವಳಾಗಿ, ಮದುವೆಯ ಮಾತು ಓಡುತ್ತಿದ್ದ ವರ್ಷ ಇನ್‌ಸ್ಪೆಕ್ಟರು ಬಂದ. ಮನೆ ಅಳೆದ, ಬಯಲು ಅಳೆದ, ಸರಿ ಇದೆ ಎಂದ. ಆಮೇಲೆ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು, "ಮರ ಎಲ್ರೀ?" ಎಂದು ಕೇಳಿದ.

"ಹೂವಿನ ಗಿಡ ಅದಾವಲ್ರೀ" ಎಂದರು ಸಾಹುಕಾರರು.

"ಹೂವಿನ ಗಿಡ ಅಲ್ಲ ಸ್ವಾಮಿ, ಮರ. ಎರಡು. ಅದೂ ಮುಂದೇನೇ, ಗುಂಡಿ ತೋಡಿ, ಗೊಬ್ಬರ ಹಾಕಿ. ಬೋಳು ನೆಲ ಬಿಟ್ಕೊಂಡು ಕೂತಿದೀರಿ. ಮರ ಇಲ್ದೆ ಸರ್ಟಿಫಿಕೇಟಿಲ್ಲ, ಸರ್ಟಿಫಿಕೇಟಿಲ್ದೆ ಕ್ರಯಪತ್ರ ಇಲ್ಲ. ನಾಳೆ ಈ ಸೈಟನ್ನ ವಾಪಸ್ ತಗೊಂಡು ಬೇರೆಯವರಿಗೆ ಕೊಟ್ರೆ ಆಮೇಲೆ ನನ್ನ ಬೈಬೇಡಿ."

ಅಷ್ಟು ಹೇಳುತ್ತಾ ಅವನು ನಡುವಿನ ನೆಲದ ಮೇಲೆ ಹೋಗಿ ನಿಂತು, ಬೂಟುಗಾಲಿನಿಂದ ಒಂದು ಗೆರೆ ಎಳೆದ. "ಇಲ್ಲೊಂದು, ಅಲ್ಲೊಂದು" ಎಂದ. ನಾನು ಹಾಲಿನ ಪಾವು ಹಿಡಿದು ಬಾಗಿಲಲ್ಲಿದ್ದೆ. ಚಿಕ್ಕಪ್ಪ ಗೇಟಿನ ಹೊರಗೆ ಸೈಕಲ್ಲು ಹಿಡಿದುಕೊಂಡಿದ್ದ. ಸೈಕಲ್ಲು ಬಿದ್ದ ಸದ್ದು ಕೇಳಿ ತಿರುಗುವಷ್ಟರಲ್ಲಿ ಇನ್‌ಸ್ಪೆಕ್ಟರು ಗೋಡೆಗೆ ಅಂಟಿಕೊಂಡಿದ್ದ, ಕಾಲರು ಚಿಕ್ಕಪ್ಪನ ಮುಷ್ಟಿಯಲ್ಲಿತ್ತು. ಕನ್ನಡಕ ಕೆಳಗೆ ಬಿದ್ದು ಒಡೆಯಿತು. ಅವನ ಮುಖ ನೀಲಿಯಾಗುತ್ತಿತ್ತು. ಸಾಹುಕಾರರೂ ನಾನೂ ಇಬ್ಬರೂ ಜೋತುಬಿದ್ದು ಬಿಡಿಸಿದೆವು. ಇನ್‌ಸ್ಪೆಕ್ಟರು ಚರಂಡಿ ದಾಟಿ ಓಡುತ್ತಾ, "ನಾಳಿದ್ದು ಬರ್ತೀನಿ, ಪೊಲೀಸರ ಜೊತೆ ಬರ್ತೀನಿ, ಮರ ಇರಬೇಕು!" ಎಂದು ಕೂಗಿದ.

ಆಗ ಆ ಅಮ್ಮನವರು ನಮ್ಮ ಮನೆಗೇ ಬಂದರು. ಹಟ್ಟಿಯ ಜಗಲಿಯ ಮೇಲೆ ಕೂತು ಅಜ್ಜಿಗೆ ಹೇಳಿದರು. "ಈ ಸೈಟು ನಮ್ಮ ಕೈತಪ್ಪಿದ್ರೆ ಬರೋರು ಎಂಥೋರೋ. ನೀವೇ ಬಂದು ಗುಂಡಿ ತೋಡ್ರಿ. ಬೇರೆ ಯಾರ ಕೈಲೂ ತೋಡಿಸಲ್ಲ. ಆಕೀ ತಲೆ ಕಡೆ ಒಂದು, ಕಾಲ ಕಡೆ ಒಂದು. ಹೊಂಗೆ ಗಿಡಾನೇ ತರಿಸ್ತೀನಿ." ಅಜ್ಜಿ, "ಮೊದಲೂ ಹೊಂಗೆಯೇ ಇತ್ತು" ಎಂದಳು. ಅದೇ ಒಪ್ಪಿಗೆ. ಚಿಕ್ಕಪ್ಪ ಅವತ್ತು ಊಟ ಮಾಡಲಿಲ್ಲ. "ಮೆತ್ತಗೆ ತೋಡ್ತೀನಿ, ತಗುಲೋಕೆ ಬಿಡಲ್ಲ" ಎಂದು ನನಗೆ ಮತ್ತೆ ಮತ್ತೆ ಹೇಳಿದ.

ಮಾರನೆಯ ದಿನ ಅಜ್ಜಿ ಕರ್ಪೂರ ಹಚ್ಚಿದಳು. ಚಿಕ್ಕಪ್ಪ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ, ತಲೆಯ ಕಡೆಯಿಂದ ಶುರು ಮಾಡಿದ. ಮೇಲಿನ ಮಣ್ಣು ಸಡಿಲವಾಗಿ ಬಂತು. ಅದು ಸಾಹುಕಾರರ ಪಾಯದ ಗುಂಡಿ ಮುಚ್ಚಿದ ಮಣ್ಣು. ಅದರ ಕೆಳಗೆ ಗುದ್ದಲಿ ಠಣ್ ಎಂದು ಪುಟಿಯಿತು. ಕಲ್ಲಿರಬೇಕೆಂದು ಸ್ವಲ್ಪ ಸರಿದು ಹಾಕಿದ. ಅಲ್ಲೂ ಪುಟಿಯಿತು. ಹಾರೆ ತೆಗೆದುಕೊಂಡು ಒಂದು ಪಕ್ಕ ಕೆತ್ತಿದ. ಗಟ್ಟಿ ಕೆಂಪು ನೆಲ, ಅದರ ನಡುವೆ ಗುಂಡಿಯ ಈ ಬದಿಯಿಂದ ಆ ಬದಿಯವರೆಗೆ ಒಂದು ಬಿಳಿ ಗೆರೆ, ಎಲ್ಲೂ ಕಡಿಯದೆ ಸಾಗಿತ್ತು.

ಹೊಲದಲ್ಲಿ ಹುಟ್ಟಿದ ಯಾರಿಗಾದರೂ ಅದೇನೆಂದು ಗೊತ್ತಾಗುತ್ತದೆ. ಒಮ್ಮೆ ಅಗೆದು ಮುಚ್ಚಿದ ನೆಲ ಮತ್ತೆ ಎಂದಿಗೂ ಹಾಗೆ ಕೂಡಿಕೊಳ್ಳುವುದಿಲ್ಲ. ಬಣ್ಣ ಕಲಸಿಹೋಗುತ್ತದೆ, ಗೆರೆ ಮುರಿಯುತ್ತದೆ. ಆ ನೆಲವನ್ನು ಭೂಮಿ ಹುಟ್ಟಿದಾಗಿನಿಂದ ಯಾರೂ ತೋಡಿರಲಿಲ್ಲ.

ಚಿಕ್ಕಪ್ಪ ಕಾಲ ಕಡೆ ಹೋದ. ಅಲ್ಲೂ ತೋಡಿದ. ಅಲ್ಲೂ ಅದೇ ಗೆರೆ. ಆಮೇಲೆ ಅವನಿಗೆ ಏನಾಯಿತೋ, ಇಡೀ ಬಯಲನ್ನು ಹಾರೆಯಿಂದ ಕುಕ್ಕತೊಡಗಿದ. ಗುಲಾಬಿ ಗಿಡಗಳು ಬೇರುಸಮೇತ ಹಾರಿದವು. ಕಾಂಪೌಂಡಿನ ಬುಡಕ್ಕೆ ಬಿದ್ದ ಏಟಿಗೆ ಇಟ್ಟಿಗೆ ಉದುರಿತು. ಜಗಲಿಯ ಮೆಟ್ಟಿಲು ಒಡೆದ. ಅಂಗೈ ಹರಿದು ಹಾರೆಗೆ ರಕ್ತ ಮೆತ್ತಿಕೊಂಡಿತು. ಅಪ್ಪ ಹಿಂದಿನಿಂದ ತಬ್ಬಿ ಹಿಡಿದರೆ ಮೊಣಕೈಯಿಂದ ಅವನ ಮೂಗಿಗೆ ತಿವಿದ. "ಬಂಡೆ, ಬಂಡೆ" ಎಂದು ಕೂಗುತ್ತಿದ್ದ. ನಾವೆಲ್ಲ ತಿರುಗಿ ಬಂಡೆಯ ಕಡೆ ನೋಡಿದೆವು. ಅಷ್ಟು ವರ್ಷ ಕಣ್ಣೆದುರೇ ಇದ್ದದ್ದು ಅವತ್ತು ಕಂಡಿತು. ಆ ಬಂಡೆಯನ್ನು ಒಡೆದು ಒಡೆದು ಬಡಾವಣೆಯ ಪಾಯಗಳಿಗೆ ಸಾಗಿಸುತ್ತಲೇ ಬಂದಿದ್ದರು. ಚಿಕ್ಕಪ್ಪ ಬೆನ್ನು ಕೊಟ್ಟು ನಿಂತ ದಿನಕ್ಕೆ ಮೊದಲೇ ಒಡೆಯಲು ಶುರು ಮಾಡಿದ್ದರು. ಅವನು ನಡೆಯಲು ಹೊರಟ ಅಂಚು ಹಳೆಯ ಅಂಚೇ ಆಗಿರಲಿಲ್ಲ. ಕಲ್ಲುಗಳಿದ್ದಿದ್ದರೆ ಯಾವ ಬಂಡೆಯೂ ಬೇಕಿರಲಿಲ್ಲ.

ಅಜ್ಜಿ ಗುಂಡಿಯ ಅಂಚಿಗೆ ಬಂದಳು. "ಸಿಕ್ಕಿದಳೇನ್ಲಾ?" ಎಂದಳು.

"ಇಲ್ಲಿ ಯಾರೂ ಇಲ್ಲ ಕಣವ್ವ. ಯಾವತ್ತೂ ಇರಲಿಲ್ಲ."

"ಮತ್ತೆ ನನ್ನ ಸೊಸೆ ಎಲ್ಲೋ?"

ಯಾರು ಹೇಳಬೇಕು? ರಸ್ತೆಯ ಡಾಂಬರಿನ ಕೆಳಗೋ, ಪಕ್ಕದ ಮನೆಯ ಅಡುಗೆಕೋಣೆಯ ಕೆಳಗೋ, ಹೂತದ್ದು ಆಳ ಸಾಲದೆ ಕೆತ್ತಿದ ಮಣ್ಣಿನ ಜೊತೆ ಕೆರೆಯ ತಗ್ಗಿಗೆ ಹೋದಳೋ. ನಾನು ಅಜ್ಜಿಯ ಭುಜ ಹಿಡಿದು ಅಲುಗಾಡಿಸಿ, "ನೀನೇ ಕಳೆದಿದ್ದು! ನೀನೇ ಕಿತ್ತಿದ್ದು!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಅವಳು ಈ ಸಲ ನನ್ನ ಬಾಯಿಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು.

ಗಲಾಟೆಗೆ ಬೀದಿಯ ಜನ ಸೇರಿದ್ದರು. ಗೇಟಿನ ಹೊರಗೆ ನೀರಿನ ಡಬ್ಬ ಹಿಡಿದು ಆ ಕೂಲಿಯವನೂ ನಿಂತಿದ್ದ. ಚಿಕ್ಕಪ್ಪನ ಕಣ್ಣು ಅವನ ಮೇಲೆ ಬಿತ್ತು. ಹಾರೆ ಹಿಡಿದು ಅವನ ಕಡೆ ನಡೆದ. ಜನ ಚೆದರಿದರು, ಅವನು ಮಾತ್ರ ಕದಲಲಿಲ್ಲ. ಚಿಕ್ಕಪ್ಪ ಅವನ ಮುಂದೆ ಮಂಡಿಯೂರಿ ಕೂತು, ಹಾರೆಯನ್ನು ಅವನ ಬಲಗೈಗೆ ತುರುಕಿ, ತನ್ನ ಹೆಗಲು ತೋರಿಸಿದ.

"ಹೊಡಿ" ಎಂದ. "ಇಲ್ಲೇ ಹೊಡಿ. ಹೊಡೆಯೋ!"

ಅವನು ಹಾರೆಯನ್ನು ನೋಡಿದ. ಎತ್ತಲು ಒಮ್ಮೆ ನೋಡಿಯೂ ನೋಡಿದ. ಕೈ ಸೊಂಟದ ಮಟ್ಟಕ್ಕೆ ಬಂದು ನಿಂತಿತು.

"ಎತ್ತೋಕಾಗಲ್ಲ ಸಾಮಿ" ಎಂದ.

ಹಾರೆ ಅವನ ಕೈಯಿಂದ ಜಾರಿ ರಸ್ತೆಗೆ ಬಿತ್ತು. ಅವನು ಡಬ್ಬ ಎತ್ತಿಕೊಂಡು ಪಾರ್ಕಿನ ಕಡೆ ಹೋದ. ಚಿಕ್ಕಪ್ಪ ಅಲ್ಲೇ ಡಾಂಬರಿಗೆ ಹಣೆ ಚಚ್ಚಿಕೊಳ್ಳುತ್ತಿದ್ದ. ಸಾಹುಕಾರರೇ ಬಂದು ಅವನ ಹಣೆಯ ಕೆಳಗೆ ತಮ್ಮ ಅಂಗೈ ಇಟ್ಟರು. ಇಟ್ಟ ಕೈಯ ಮೇಲೂ ಎರಡು ಸಲ ಚಚ್ಚಿಕೊಂಡ.

ಆಮೇಲೆ ಅಮ್ಮನವರು ಹೊಂಗೆಯ ಎರಡು ಗಿಡಗಳನ್ನು ತಂದು ಗುಂಡಿಯ ಪಕ್ಕ ಇಟ್ಟು ಒಳಗೆ ಹೋದರು. ಮೂಗಿನ ರಕ್ತ ಒರೆಸಿಕೊಂಡು ಅಪ್ಪನೇ ಗುಂಡಿಗೆ ಗೊಬ್ಬರ ಹಾಕಿದ, ಗಿಡ ಇಳಿಸಿದ, ಮಣ್ಣು ಎಳೆದ. ಅಷ್ಟು ವರ್ಷ ನಮ್ಮ ಮನೆಯ ಯಾರೂ ಅಲ್ಲಿ ಚಪ್ಪಲಿಗಾಲು ಇಟ್ಟಿರಲಿಲ್ಲ. ಅಪ್ಪ ಚಪ್ಪಲಿ ಬಿಡದೆ ಗಿಡದ ಸುತ್ತ ಮಣ್ಣನ್ನು ತುಳಿದ, ಹಿಮ್ಮಡಿ ಊರಿ ಗಟ್ಟಿಯಾಗಿ, ಸುತ್ತಲೂ ತಿರುಗುತ್ತಾ. ಅಜ್ಜಿ ನೋಡುತ್ತಾ ನಿಂತಿದ್ದಳು. ಬೇಡ ಎನ್ನಲಿಲ್ಲ.